ವಾಲ್ಯೂಮ್ ತಿರುಗಿಸಿದವರು ಯಾರು

ಬದನೆಗಿಡ ಕಾಣಿಸಿಕೊಂಡ ಕೂಡಲೇ ಟಿವಿಯ ಸತ್ತ ಇಳಿಯಿತು.

ಸತ್ತ ಎಂದರೆ ಗಾಬರಿ ಬೀಳಬೇಕಿಲ್ಲ. ಪೆರಿಯನಾಯಕನಪಾಳ್ಯಂನ ಲಿಂಗಸಾಮಿಯವರ ಮನೆಯಲ್ಲಿ ಅಜ್ಜನ ಅಜ್ಜನ ಕಾಲದಿಂದಲೂ ಕನ್ನಡವೇ ಮಾತು. ಆದರೆ ಬೀದಿಯ ತಮಿಳು ಹಿತ್ತಿಲ ಬಾಗಿಲಿಂದ ಒಳಬಂದು ಯಾವತ್ತೋ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತುಬಿಟ್ಟಿತ್ತು. ಹಾಗಾಗಿ ಸದ್ದಿಗೆ ಅವರು ಸತ್ತ ಎನ್ನುತ್ತಿದ್ದರು. 'ನಿಮ್ಮ ಟಿವಿಲಿ ಸತ್ತ ಎಷ್ಟು' ಎಂದು ಕೇಳಿದರೆ ಮೈಸೂರು ಕಡೆಯ ನೆಂಟರು ಹೆಣ ಎಣಿಸಲು ಹೊರಡುತ್ತಿದ್ದರೋ ಏನೋ. ಈ ಮನೆಯಲ್ಲಿ ಮಾತ್ರ ಅದು ಜೀವಂತ ವಿಷಯ. ಈಚೆಗಂತೂ ತೀರ ಜೀವಂತ.

ಆ ಸಂಜೆ ಬೇಸಾಯದ ಕಾರ್ಯಕ್ರಮ ನಡೆಯುತ್ತಿತ್ತು. ಮುಂಡಾಸಿನ ರೈತನೊಬ್ಬ ಎದುರಿಗೆ ನಿಂತು ಗೊಬ್ಬರದ ಬಗ್ಗೆ ಹೇಳಿದಷ್ಟು ಹೊತ್ತೂ ಒಂದೊಂದು ಮಾತೂ ಲಿಂಗಸಾಮಿಯವರಿಗೆ ಹುರಿಗಡಲೆ ಕಡಿದಷ್ಟು ಸ್ಪಷ್ಟವಾಗಿತ್ತು. ಅವನ ಮುಖ ಹೋಗಿ ಗಿಡ ಬಂತು. ಮಾತು ನಡೆಯುತ್ತಲೇ ಇತ್ತು, ಆದರೆ ಯಾರೋ ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ. ಅದೇ ಗಳಿಗೆಗೆ ಸೊಸೆ ಪಂಕಜಂ ಎದ್ದು, ಟಿವಿಯ ಪಕ್ಕದಿಂದಲೇ ಹಾದು ಅಡುಗೆಮನೆಗೆ ಹೋದಳು. ಗಿಡ ಹೋಗಿ ರೈತ ಮತ್ತೆ ಬಂದ; ಸತ್ತವೂ ಬಂತು; ಪಂಕಜಂ ಕೈಯಲ್ಲಿ ಚೊಂಬು ಹಿಡಿದು ವಾಪಸು ಬಂದಳು.

ಲಿಂಗಸಾಮಿ ಸೊಸೆಯನ್ನು ನೋಡಿದರು. ಆಮೇಲೆ ಟಿವಿಯ ವಾಲ್ಯೂಮ್ ಗುಂಡಿಯನ್ನು ನೋಡಿದರು. ಆಮೇಲೆ ಎರಡನ್ನೂ ಒಂದೇ ಸಾಲಿನಲ್ಲಿ ನೋಡಿದರು.

ಮಿಲ್ಲಿನ ನೇಯ್ಗೆ ಷೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದು ಹೋದ ಪೊಂಗಲ್‌ಗೆ ರಿಟೈರಾದವರು ಅವರು. ಬಟ್ಟೆಯಲ್ಲಿ ಒಂದು ಎಳೆ ತಪ್ಪಿದರೆ ಮೊದಲು ಲಾಳಿಯ ಮೇಲೆ ಸಂದೇಹ, ಅದು ಸಾಚಾ ಎಂದಾದರೆ ನೂಲಿನ ಮೇಲೆ, ನೂಲೂ ಸಾಚಾ ಎಂದಾದರೆ ನೇಯುವವನ ಮೇಲೆ. ಮೇಸ್ತ್ರಿಯ ಚೀಲದಲ್ಲಿ ಮೊದಲು ಕೈಗೆ ಸಿಗಬೇಕಾದ ಸ್ಪಾನರ್ ಸಂದೇಹ ಎಂಬುದು ಅವರ ಸಿದ್ಧಾಂತ. ರಿಟೈರಾದಾಗ ಉಳಿದ ಸಾಮಾನೆಲ್ಲ ಮಿಲ್ಲಿಗೆ ಒಪ್ಪಿಸಿದ್ದರು. ಇದೊಂದನ್ನು ಮನೆಗೆ ತಂದಿದ್ದರು.

ಮನೆಯಲ್ಲಿ ಸಂದೇಹಕ್ಕೆ ಕೆಲಸ ಕೊಟ್ಟವನು ಮಗ ನಟರಾಜನ್. ಪಂಪ್‌ಮೋಟಾರ್ ವರ್ಕ್‌ಷಾಪಿನಲ್ಲಿ ಕಾಯಿಲ್ ಸುತ್ತುವವನು, ಮನೆಗೆ ಬಂದರೆ ವೈರು ಸುತ್ತುವವನು. ಟಿವಿ ಬಂದ ಹೊಸದರಲ್ಲೇ ಅಪ್ಪ ಸತ್ತ ಸಾಲದು ಸಾಲದು ಎಂದು ಗೊಣಗಿದ್ದರಿಂದ ಅವನು ಟಿವಿಯ ಇಯರ್‌ಫೋನ್ ತೂತಿನಿಂದ ಒಂದು ವೈರು ಎಳೆದು, ತನ್ನ ಟೇಪ್ ರೆಕಾರ್ಡರಿನ ಆಂಪ್ಲಿಫೈಯರಿಗೆ ಕೊಟ್ಟು, ಅಲ್ಲಿಂದ ಎರಡು ಸ್ಪೀಕರ್ ಪೊಟ್ಟಿಗಳನ್ನು ಕೋಣೆಯ ಎರಡು ಮೂಲೆಗೆ ನಿಲ್ಲಿಸಿದ್ದ. ಈಗ ಟಿವಿಗೊಂದು ವಾಲ್ಯೂಮ್ ಗುಂಡಿ, ಆಂಪ್ಲಿಫೈಯರಿಗೊಂದು ವಾಲ್ಯೂಮ್ ಗುಂಡಿ. ಒಂದೇ ಒಲೆಗೆ ಇಬ್ಬರು ಸೊಸೆಯರು ಬಂದ ಹಾಗಾಯಿತು: ಒಬ್ಬಳು ಏರಿಸಿದ ಉರಿಯನ್ನು ಇನ್ನೊಬ್ಬಳು ಇಳಿಸಬಹುದು, ಯಾರ ಕೈವಾಡ ಎಂದು ಅತ್ತೆಗೆ ತಿಳಿಯುವುದೇ ಇಲ್ಲ.

ಕೈವಾಡಕ್ಕೆ ಕಾರಣವೂ ಇತ್ತು. ನಟರಾಜನ್‌ನ ಗೆಳೆಯ ಜಯರಾಮನ್ ಎಂಬವನು ಕಿಣತ್ತುಕಡವಿನಲ್ಲಿ ಹೊಸ ವರ್ಕ್‌ಷಾಪ್ ಇಡುತ್ತಿದ್ದ. ಜೊತೆಗೆ ಬಾ, ಹಿಂದುಗಡೆ ಮನೆಯೂ ಇದೆ ಎಂದು ಕರೆದಿದ್ದ. ನಟರಾಜನ್ ಅದನ್ನು ಒಂದು ದಿನ ಊಟದ ಹೊತ್ತಿಗೆ ಹೇಳಿ, ಅಪ್ಪನ ಮುಖ ನೋಡಿ, ಅಲ್ಲಿಗೇ ಬಿಟ್ಟುಬಿಟ್ಟಿದ್ದ. ಆದರೆ ಮಗ ಬಿಟ್ಟ ಮಾತು ಅಪ್ಪನಿಗೆ ಬಿಟ್ಟ ಬಾಣ. ಕುನ್ನತ್ತೂರಿನಿಂದ ಸೊಸೆಯಾಗಿ ಬಂದ ಹುಡುಗಿ, ಬಂದು ಎರಡು ದೀಪಾವಳಿ ಆಗಿಲ್ಲ, ಆಗಲೇ ತನಿಕುಡಿತನ ಬೇಕಂತೆ, ಬೇರೆ ಒಲೆ ಬೇಕಂತೆ ಎಂದು ಅವರೇ ಅಂದುಕೊಂಡರು. ಅವಳು ಹಾಗೆ ಹೇಳಿರಲಿಲ್ಲ. ಹೇಳದಿರುವುದೇ ಅವರಿಗೆ ಮೊದಲ ಸಾಕ್ಷಿಯಾಯಿತು.

ಎರಡನೆಯ ಸಾಕ್ಷಿ ಟಿವಿ. ಸತ್ತ ಇಳಿದಾಗಲೆಲ್ಲ ಅವರು ಪಕ್ಕಕ್ಕೆ ತಿರುಗಿ ನೋಡುತ್ತಿದ್ದರು. ನೋಡಿದಾಗಲೆಲ್ಲ ಗಂಡ ಹೆಂಡತಿ ತಲೆಗೆ ತಲೆ ಕೊಟ್ಟು ಕೂತಿರುತ್ತಿದ್ದರು. ಸತ್ತ ಇಳಿಸಿ ಗುಟ್ಟು ಮಾತಾಡುತ್ತಾರೆ ಎಂದು ಹೆಂಡತಿ ಪೆರಿಯನಾಯಕಿಯ ಹತ್ತಿರ ದೂರಿದರು.

ಪೆರಿಯನಾಯಕಿ ಎದುರಿಗೆ ಬಂದು ಕೂತು, ಗುಟ್ಟು ಮಾತಾಡೋರು ಸತ್ತ ಏರಿಸಬೇಕಲ್ಲವಾ, ಇಳಿಸಿದರೆ ಗುಟ್ಟು ಎಲ್ಲಿ ಉಳಿಯಿತು ಎಂದು ಕೇಳಿದರು.

ಅದು ನ್ಯಾಯವಾದ ಪ್ರಶ್ನೆ. ಆದರೆ ನ್ಯಾಯಕ್ಕೆಲ್ಲ ಸೋಲುವ ಜಾತಿಯಲ್ಲ ಸಂದೇಹ. "ನಾನು ಮಲಗಿದ್ದೀನಾ ಇಲ್ಲವಾ ಅಂತ ಪಾತ್ತು ನೋಡೋದಕ್ಕೆ ಇಳಿಸ್ತಾರೆ" ಎಂದರು ಲಿಂಗಸಾಮಿ. ಪೆರಿಯನಾಯಕಿ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು ಎದ್ದುಹೋದರು. ಅದನ್ನೂ ಅವರು ಗಮನಿಸಿ ಇಟ್ಟುಕೊಂಡರು.

ಮರುದಿನ ಪತ್ತೇದಾರಿ ಶುರುವಾಯಿತು. ದೇವರ ಮುಂದಿದ್ದ ಅರಿಸಿನದ ಬಟ್ಟಲು ತಂದು, ಯಾರೂ ಇಲ್ಲದ ಹೊತ್ತಿನಲ್ಲಿ, ಟಿವಿಯ ಗುಂಡಿಗೂ ಅದರ ಹಿಂದಿನ ಹಲಗೆಗೂ ಸೇರಿದ ಹಾಗೆ ಒಂದು ಗೀಟು ಎಳೆದರು. ಗುಂಡಿ ಕೂದಲೆಳೆಯಷ್ಟು ತಿರುಗಿದರೂ ಗೀಟು ಮುರಿಯಬೇಕು. ಆಂಪ್ಲಿಫೈಯರಿನ ಗುಂಡಿಗೂ ಹಾಗೇ ಮಾಡಿದರು. ಎರಡು ಯಂತ್ರಕ್ಕೂ ಅರಿಸಿನ ಹಚ್ಚಿದ್ದು ಕಂಡು ಪಂಕಜಂ, ಆಯುಧಪೂಜೆಗೆ ಇನ್ನೂ ದಿನ ಇದೆಯಲ್ಲಾ ಎಂದುಕೊಂಡು ಒಂದೊಂದು ಕುಂಕುಮದ ಬೊಟ್ಟನ್ನೂ ಇಟ್ಟಳು.

ಆ ಶುಕ್ರವಾರ ಸಿನಿಮಾ ಹಾಡುಗಳು ಬಂದವು. ನಾಯಕಿ ಎದುರು ನಿಂತು ಹಾಡಿದಾಗ ಸತ್ತ ಬೇಕಾದಷ್ಟಿತ್ತು. ನಾಯಕ ಬೆನ್ನು ಮಾಡಿ ಮರ ಸುತ್ತಲು ಹೋದದ್ದೇ ತಡ, ಅವನ ಹಾಡೂ ಮರದ ಹಿಂದೆ ಹೋಯಿತು. ಲಿಂಗಸಾಮಿ ಎದ್ದು ಗೀಟು ನೋಡಿದರು. ಮುರಿದಿರಲಿಲ್ಲ. ಹಿಂದಿ ಕಾರ್ಯಕ್ರಮ ಬಂದಾಗಂತೂ ಸತ್ತ ನೆಲ ಕಚ್ಚಿತು. ಸ್ಕೂಲಿನಲ್ಲಿದ್ದಾಗ ಹಿಂದಿ ಬೋರ್ಡಿಗೆ ಟಾರು ಬಳಿಯುವವರ ಹಿಂದೆ ಓಡಿದ್ದ ಮಗನನ್ನು ಅವರು ಹೊಸ ಕಣ್ಣಿನಿಂದ ನೋಡಿದರು. ಗೀಟು ಮಾತ್ರ ಗಟ್ಟಿಯಾಗಿತ್ತು. ಹಾಗಾದರೆ ಗುಂಡಿಯಲ್ಲಿ ಅಲ್ಲ, ವೈರಿನಲ್ಲಿ. ವೈರಿಯೂ ಅಲ್ಲೇ ಎಲ್ಲೋ.

ಅವರು ಸೊಸೆಯನ್ನು ನೇರವಾಗಿ ಕೇಳಿದರು. "ಯಾಕಮ್ಮಾ ಸತ್ತ ಕಮ್ಮಿ ಮಾಡ್ತೀಯ?"

"ನಾನು ಮುಟ್ಟೇ ಇಲ್ಲ ಮಾಮಾ. ಈಗಲೇ ಕಿವಿ ಕಿತ್ತುಹೋಗೋ ಹಾಗಿದೆ. ಪಕ್ಕದ ಮನೆ ತಂಗಮ್ಮಕ್ಕ ಅವರ ಮನೆಯಲ್ಲೇ ಕೂತು ನಮ್ಮ ಹಾಡು ಕೇಳ್ತಾರೆ."

ಇದು ಸುಳ್ಳೆಂಬುದರಲ್ಲಿ ಲಿಂಗಸಾಮಿಗೆ ಅನುಮಾನವೇ ಇರಲಿಲ್ಲ. ಅನುಮಾನವಿಲ್ಲದ ಒಂದೇ ಸಂಗತಿ ಅದಾಗಿತ್ತು.

ಹೆಂಡತಿಯ ಮೇಲೆ ಮಾತು ಬಂದದ್ದು ನಟರಾಜನ್‌ಗೆ ನಾಟಿತು. ಆ ಭಾನುವಾರ ಅವನು ಅಂಗಿ ಬಿಚ್ಚಿಟ್ಟು ಟಿವಿಯ ಹಿಂದೆ ಕೂತ. ಇಯರ್‌ಫೋನ್ ತೂತಿನ ಪಿನ್ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿದ. ಎಡದ ಪೊಟ್ಟಿಯ ವೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಿದ. ಒಂದು ತಪ್ಪು ನಿಜವಾಗಿಯೂ ಸಿಕ್ಕಿತು: ಒಂದು ಪೊಟ್ಟಿಯ ಪ್ಲಸ್ ಮೈನಸ್ ಉಲ್ಟಾ ಆಗಿತ್ತು. ಹಾಗಾದರೆ ಒಂದು ಪೊಟ್ಟಿ ಗಾಳಿಯನ್ನು ಮುಂದೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ನಡುವೆ ಕೂತವನಿಗೆ ಸತ್ತ ಸಪ್ಪೆಯಾಗುತ್ತದೆ ಎಂದು ವಿವರಿಸಿದ. ಅಪ್ಪ ಕೂರುವುದು ಸರಿಯಾಗಿ ನಡುವೆಯೇ. ಅವನ ಮುಖದಲ್ಲಿ ಗೆದ್ದ ಕಳೆ ಬಂತು. ಸರಿಮಾಡಿ ಹಾಕಿದಾಗ ತಬಲಾ ಗುಮ್ಮೆಂದಿತು, ಪಂಕಜಂ ನಕ್ಕಳು. ಲಿಂಗಸಾಮಿ ಬೆಂಚಿನ ಮೇಲೆ ಅಂಗೈ ಇಟ್ಟು, ಹೌದು, ಗುಮ್ಮೆನ್ನುತ್ತಿದೆ ಎಂದು ಒಪ್ಪಿದರು. ಆಮೇಲೆ ಪರದೆಯ ಮೇಲೆ ದೋಣಿಯೊಂದು ಬಂತು, ದೋಣಿಯ ಜೊತೆ ಸತ್ತವೂ ದೂರ ತೇಲಿಹೋಯಿತು.

"ಈಗ ಕಮ್ಮಿ ಆಯ್ತು."

"ಇಲ್ಲಪ್ಪ, ಹಾಗೇ ಇದೆ."

"ಆಯ್ತು ಅಂದರೆ ಆಯ್ತು."

ನಟರಾಜನ್ ಆಂಪ್ಲಿಫೈಯರನ್ನೇ ಕಿತ್ತು ಬರೀ ಟಿವಿ ಇಟ್ಟ. ವೋಲ್ಟೇಜ್ ಏರಿಳಿತ ಇರಬಹುದೆಂದು ಸ್ಟೆಬಿಲೈಸರಿನ ಮುಳ್ಳು ನೋಡಿದ. ಅದು ನಾಮ ಹಾಕಿದ ಹಾಗೆ ನೆಟ್ಟಗೆ ನಿಂತಿತ್ತು. ಮತ್ತೆ ಎಲ್ಲವನ್ನೂ ಜೋಡಿಸಿದ. ಏನು ಮಾಡಿದರೂ ಅಪ್ಪನಿಗೆ ಸತ್ತ ಏರಿಳಿಯಿತು. ಕೊನೆಗೆ ಅವನೇ ಅಪ್ಪನ ಕಡೆ ಬೆನ್ನು ಮಾಡಿ ಏನೋ ಗೊಣಗಿದ. ಏನು ಗೊಣಗಿದ ಎಂದು ತಿಳಿಯದಿದ್ದರೂ ತನ್ನ ಮೇಲೆಯೇ ಎಂದು ಲಿಂಗಸಾಮಿಗೆ ಖಾತ್ರಿಯಾಯಿತು.

ಮೇಟ್ಟುಪಾಳ್ಯಂ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ದಂಡಪಾಣಿಯನ್ನು ಕರೆಸಿದರು. ರೇಡಿಯೋ ಟಿವಿ ರಿಪೇರಿಯವರು ಒಳಗಿನ ಒರಿಜಿನಲ್ ಸಾಮಾನು ಕದ್ದು ಡೂಪ್ಲಿಕೇಟ್ ಹಾಕುತ್ತಾರೆಂದು ಆ ಕಾಲದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿತ್ತು. ಲಿಂಗಸಾಮಿ ಸ್ಟೂಲು ಎಳೆದುಕೊಂಡು ಅವನ ಮೊಣಕೈ ಹತ್ತಿರವೇ ಕೂತರು. ತಾವು ತಮ್ಮ ತಮ್ಮಲ್ಲಿ ಮಾತಾಡುವಾಗ ಮನೆಯವರೆಲ್ಲ ಕನ್ನಡಕ್ಕೆ ತಿರುಗಿದರು. ಆ ಊರಿನಲ್ಲಿ ಕನ್ನಡವೆಂದರೆ ಬೀಗವಿರುವ ಪೆಟ್ಟಿಗೆ, ಹೊರಗಿನವರ ಎದುರೇ ತೆರೆದು ಮುಚ್ಚಬಹುದು.

"ಅವನ ಕೈ ನೋಡ್ತಾ ಇರು" ಎಂದು ಹೆಂಡತಿಗೆ ಹೇಳಿದರು.

ದಂಡಪಾಣಿಯ ಕೈಯಲ್ಲ, ಬಾಯಿ ಅವರಿಗೆ ತೊಂದರೆ ಕೊಟ್ಟಿತು. ಬಿಚ್ಚಿದ ತಿರುಪುಗಳನ್ನೆಲ್ಲ ತುಟಿಯ ನಡುವೆ ಕಚ್ಚಿಕೊಳ್ಳುವುದು ಅವನ ಅಭ್ಯಾಸ. ತಿರುಪ್ಪೂರಿನವನಲ್ಲದಿದ್ದರೂ ಬಾಯಿ ತುಂಬ ತಿರುಪು. ಆ ಬಾಯಲ್ಲೇ ಅವನು ಏನೋ ಹೇಳುತ್ತಿದ್ದ, ಮಗ ಸೊಸೆ ಇಬ್ಬರೂ ತಲೆಯಾಡಿಸುತ್ತಿದ್ದರು, ಪೆರಿಯನಾಯಕಿಯೂ ತಲೆಯಾಡಿಸುತ್ತಿದ್ದರು. ಲಿಂಗಸಾಮಿಗೆ ಮಾತ್ರ ಅದು ಜೇನುಹುಳದ ಹಾಗೆ ಬರೀ ಝೇಂಕಾರ. ಮೂವರಿಗೂ ತಿಳಿಯುವ, ತಮಗೆ ಮಾತ್ರ ತಿಳಿಯಬಾರದ ಮಾತು ಏನದು? ಮೊದಲೇ ಮಾತಾಡಿಕೊಂಡು ಬಂದಿದ್ದಾನಾ? ಬಾಯಿ ಬಿಟ್ಟು ಮಾತಾಡಪ್ಪ ಎಂದು ತಮಿಳಿನಲ್ಲಿ ಗದರಿದರು. ಅವನು ತಿರುಪುಗಳನ್ನು ಅಂಗೈಗೆ ಉಗಿದು, "ಎಲ್ಲಾಂ ಸರಿಯಾ ಇರುಕ್ಕುಂಗ ಅಯ್ಯಾ" ಎಂದ. ವಾಲ್ಯೂಮ್ ಕಂಟ್ರೋಲಿನ ಒಳಗಿನ ಕರಿಯನ್ನು ಪೆಟ್ರೋಲಿನಲ್ಲಿ ತೊಳೆದಿದ್ದ, ಇಯರ್‌ಫೋನ್ ತೂತಿನ ಬೆಸುಗೆ ಹೊಸದಾಗಿ ಹಾಕಿದ್ದ. ಗುಂಡಿಯನ್ನು ಅತ್ತ ಇತ್ತ ತಿರುಗಿಸಿ ತೋರಿಸಿದ. ಚೂರೂ ಗರಗರ ಇಲ್ಲ.

ಈಗ ಆ ಮಾತು ಎಷ್ಟು ಚೆನ್ನಾಗಿ ಕೇಳಿಸಿತು ನೋಡಿ. ಎಲ್ಲಾ ಸರಿ ಇದೆ ಎನ್ನುವುದನ್ನು ಮಾತ್ರ ಬಾಯಿ ಬಿಟ್ಟು ಹೇಳುತ್ತಾನೆ, ಉಳಿದದ್ದನ್ನು ತಿರುಪಿನ ಹಿಂದೆ. ದಂಡಪಾಣಿಯೂ ಮಗನ ಕಡೆಯವನು ಎಂದು ಲಿಂಗಸಾಮಿ ತೀರ್ಮಾನಿಸಿದರು.

ಮರುದಿನ ಊಟಕ್ಕೆ ಕೂತಾಗ ಅವರು ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟರು. ಕದ್ದು ಮುಚ್ಚಿ ಸತ್ತ ಇಳಿಸುವುದು ಬೇಡ, ಗುಟ್ಟು ಮಾಡುವುದು ಬೇಡ. ಕಿಣತ್ತುಕಡವಿಗೆ ಹೋಗಬೇಕಾದರೆ ಹೋಗಿ. ಅಮಾವಾಸ್ಯೆ ಕಳೆದ ಮೇಲೆ ಈ ಮನೆಯಲ್ಲಿ ಒಂದೇ ಒಲೆ, ಅದು ಪೆರಿಯನಾಯಕಿಯದು. ಮಾತು ಮುಗಿದ ಮೇಲೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು. ಯಾರಾದರೂ ಬೇಡ ಎನ್ನುತ್ತಾರೆಂದು ಕಾದರು. ನಟರಾಜನ್ ಎಲೆ ಮಡಿಸಿ ಎದ್ದ. ಪಂಕಜಂ ಮಾತ್ರ ಎಂದಿನಂತೆ ಅವರ ಎದುರಿಗೆ ಕೂತು, ಅವರ ಮುಖವನ್ನೇ ನೋಡುತ್ತ ಹೇಳಿದಳು:

"ನಾನು ಗುಂಡಿ ಮುಟ್ಟಿಲ್ಲ ಮಾಮಾ. ಚೌಡಮ್ಮನಾಣೆ. ನೀವು ಕಳಿಸಿದರೆ ಹೋಗ್ತೀವಿ. ಆದರೆ ನಾನು ಸುಳ್ಳಿ ಅಂತ ಹೇಳಿ ಕಳಿಸಿದರೆ ನಾನು ಇನ್ನೊಂದು ಸಲ ಈ ಹೊಸಲು ತುಳಿಯೋದಿಲ್ಲ. ಹಬ್ಬ ಪಂಡಿಗೆಗೂ ಬರೋದಿಲ್ಲ, ಹೆರಿಗೆ ಆದರೆ ಮಗು ತೋರಿಸೋದಕ್ಕೂ ಬರೋದಿಲ್ಲ."

ಇಷ್ಟೂ ಸ್ಪಷ್ಟವಾಗಿ ಕೇಳಿಸಿತು. ಲಿಂಗಸಾಮಿಯ ಕೈ ಅನ್ನದ ಮೇಲೆ ಹಾಗೇ ನಿಂತಿತು. ಮನೆದೇವರು ಚೌಡಮ್ಮನ ಆಣೆಯನ್ನು ಆ ಮನೆಯಲ್ಲಿ ಯಾರೂ ಟಿವಿಗಾಗಿ ಹಾಕುವವರಲ್ಲ. ಒಂದು ಕ್ಷಣ ಅವರಿಗೆ ತಮ್ಮ ಸಂದೇಹದ ಮೇಲೆಯೇ ಸಂದೇಹ ಬಂತು. ಆದರೆ ಸತ್ತ ಇಳಿಯುವುದು ಸುಳ್ಳಲ್ಲವಲ್ಲ. ತಮ್ಮದೇ ಕಿವಿ, ಬೇರೆಯವರ ಬಾಯಲ್ಲ. ಕಿವಿಯನ್ನೇ ನಂಬಿ ಕೈ ತೊಳೆದರು.

ಅಮಾವಾಸ್ಯೆ ಬಂದೇಬಿಟ್ಟಿತು. ಮಗ ಸೊಸೆ ಮನೆ ನೋಡಿ ಬರಲು ಕಿಣತ್ತುಕಡವಿಗೆ ಹೋಗಿದ್ದರು. ಬೆಳಗಾದರೆ ಸಾಮಾನು ಸಾಗಿಸುವುದೆಂದು ಆಗಿತ್ತು. ಪೆರಿಯನಾಯಕಿ ಗುಡಿಗೆ ಹೋಗಿದ್ದರು. ಸಂಜೆ ಮನೆಯಲ್ಲಿ ಲಿಂಗಸಾಮಿ ಒಬ್ಬರೇ, ಎದುರಿಗೆ ಟಿವಿ. ಈಗ ಗುಂಡಿಗೆ ಕೈ ಹಾಕುವವರು ಯಾರೂ ಇಲ್ಲ. ಸತ್ತ ಒಂದೇ ಸಮ ಬಂದರೆ ಕಳ್ಳರು ಯಾರೆಂಬುದು ಖಚಿತ. ತಾವು ಮಾಡಿದ್ದೇ ಸರಿ ಎನ್ನುವ ಪ್ರಮಾಣಪತ್ರಕ್ಕಾಗಿ ಅವರು ಟಿವಿ ಹಾಕಿದರು.

ತಮಿಳು ವಾರ್ತೆ. ವಾರ್ತೆ ಓದುವ ಹೆಂಗಸು ಕೈ ಮುಗಿದು ವಣಕ್ಕಂ ಎಂದಳು. ಒಳ್ಳೆ ಗಂಟೆಯಂಥ ದನಿ. ಮಂತ್ರಿ, ಮಳೆ, ಮುಷ್ಕರ, ಒಂದಕ್ಷರವೂ ತಪ್ಪಲಿಲ್ಲ. ನೋಡಿದೆಯಾ ಎಂದು ಅವರು ಇಲ್ಲದ ಹೆಂಡತಿಗೆ ತಲೆಯಾಡಿಸುವಷ್ಟರಲ್ಲಿ ಆಕೆಯ ಮುಖ ಹೋಗಿ ಒಂದು ಅಣೆಕಟ್ಟು ಬಂತು. ಸತ್ತ ಇಳಿಯಿತು.

ಲಿಂಗಸಾಮಿ ಎದ್ದರು. ಅಡುಗೆಮನೆ ನೋಡಿದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಹಿತ್ತಿಲ ಬಾಗಿಲಿನ ಅಗುಳಿ ಹಾಕಿಯೇ ಇತ್ತು. ತಮ್ಮದೇ ಮನೆಯಲ್ಲಿ ತಾವೇ ಕಳ್ಳನ ಹಾಗೆ ತುದಿಗಾಲಲ್ಲಿ ತಿರುಗಿ ಬಂದು, ಕೋಪಕ್ಕೆ ಟಿವಿಯ ಗುಂಡಿಯನ್ನು ಕಟಕಟನೆ ಎರಡೂ ಕಡೆ ತಿರುಗಿಸಿ, ಏನಾದರೂ ಸಾಯಲಿ ಎಂದು ಬಿಟ್ಟು ಬೆಂಚಿಗೆ ಹೋಗಿ ಕೂತರು.

ಹೆಂಗಸು ಮತ್ತೆ ಬಂದಳು. ಮೇಟ್ಟೂರಿನ ನೀರಿನ ಮಟ್ಟ ಏರುತ್ತಿದೆ, ರೈತರಿಗೆ ಸಂತೋಷ ಎಂದಳು. ಅದೇ ಗಂಟೆಯ ದನಿ. ಸರಿಹೋಯಿತಲ್ಲ ಎಂದು ಅವರು ಗುಂಡಿಯ ಕಡೆ ನೋಡಿದರು. ಅರಿಸಿನದ ಗೀಟು ಮುರಿದು ಎಲ್ಲೋ ಹೋಗಿತ್ತು. ಗುಂಡಿ ಪೂರ್ತಿ ಕೆಳಗೆ, ಸೊನ್ನೆಯಲ್ಲಿ ನಿಂತಿತ್ತು.

ಸೊನ್ನೆಯಿಂದ ಸತ್ತ ಹೇಗೆ ಬರುತ್ತದೆ? ಹೋಗಿ ಇಯರ್‌ಫೋನ್ ತೂತಿನ ಪಿನ್ ಕಿತ್ತು ನೋಡಿದರು, ಆಂಪ್ಲಿಫೈಯರ್ ಆಫ್ ಮಾಡಿದರು. ಹೆಂಗಸು ಕ್ರಿಕೆಟ್ಟಿನ ಸುದ್ದಿ ಹೇಳುತ್ತಲೇ ಇದ್ದಳು. ಅಮಾವಾಸ್ಯೆ ಬೇರೆ.

ಪೆರಿಯನಾಯಕಿ ಯಾವಾಗ ಒಳಗೆ ಬಂದರೋ, ಕುಂಕುಮದ ಪೊಟ್ಟಣ ಹಿಡಿದು ಎದುರಿಗೆ ಬಂದು ನಿಂತಿದ್ದರು.

"ಏನುಂಗ, ಸತ್ತ ಇಲ್ಲದೆ ಮೂಕ ಟಿವಿ ನೋಡ್ತಾ ಇದ್ದೀರಲ್ಲ."

"ನಿನಗೇನು ಕಿವುಡಾ? ಗವಾಸ್ಕರ್ ಸುದ್ದಿ ಹೇಳ್ತಾ ಇದ್ದಾಳಲ್ಲ, ಕೇಳಲ್ವಾ?"

ಪೆರಿಯನಾಯಕಿ ಟಿವಿ ನೋಡಿದರು, ಗುಂಡಿ ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಪೊಟ್ಟಣ ಕೆಳಗಿಟ್ಟು, ಎರಡು ಬೆರಳಿನಿಂದ ತಮ್ಮ ಕಣ್ಣು ಮುಚ್ಚಿ ತೋರಿಸಿ, ಹೀಗೆ ಮಾಡಿ ಎಂದು ಸನ್ನೆ ಮಾಡಿದರು. ಅದು ಷೆಡ್ಡಿನ ಸನ್ನೆಯ ಹಾಗಿತ್ತು. ಅವರೂ ಅದೇ ಮಿಲ್ಲಿನಲ್ಲಿ ನೂಲು ಸುತ್ತುವ ರೀಲಿಂಗಿನಲ್ಲಿ ಇದ್ದವರೇ.

ಲಿಂಗಸಾಮಿ ಕಣ್ಣು ಮುಚ್ಚಿದರು. ಹೆಂಗಸಿನ ದನಿ ಕತ್ತರಿಸಿದ ಹಾಗೆ ನಿಂತಿತು. ತೆರೆದರು, ಬಂತು. ಮುಚ್ಚಿದರು, ಹೋಯಿತು. ಅಷ್ಟು ದಿನ ಹುಡುಕಿದ ಗುಂಡಿ ಅವರ ರೆಪ್ಪೆಯಲ್ಲೇ ಇತ್ತು.

ನೇಯ್ಗೆ ಷೆಡ್ಡಿನೊಳಗೆ ಯಾರೂ ಕಿವಿಯಿಂದ ಕೇಳುವುದಿಲ್ಲ. ಅಷ್ಟೂ ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವನು ಕಿವಿಯಲ್ಲಿ ಕಿರುಚಿದರೂ ಅದು ಗಾಳಿಗೆ ಹಿಟ್ಟು ತೂರಿದ ಹಾಗೆ. ಹಾಗಾಗಿ ಅಲ್ಲಿ ಬಾಯಿ ಅಗಲಿಸಿ ಮಾತಾಡುತ್ತಾರೆ, ತುಟಿ ನೋಡಿ ಕೇಳುತ್ತಾರೆ. ಷೆಡ್ಡಿನ ಈ ತುದಿಯಲ್ಲಿ ನೂಲು ಮುಗಿದದ್ದನ್ನು, ಆ ತುದಿಯವನ ಮಗಳ ಮದುವೆಯನ್ನು, ಮ್ಯಾನೇಜರ್ ಬೆನ್ನ ಹಿಂದಿನ ಬೈಗುಳವನ್ನು, ಎಲ್ಲವನ್ನೂ ತುಟಿಯಿಂದ ಕಣ್ಣಿಗೆ ದಾಟಿಸುತ್ತಾರೆ. ಮೇಸ್ತ್ರಿಯಾದವನು ಮಗ್ಗದ ಕಾಯಿಲೆಯನ್ನೂ ಚೌಕಟ್ಟಿಗೆ ಅಂಗೈ ಇಟ್ಟೇ ತಿಳಿಯಬೇಕು. ಲಿಂಗಸಾಮಿ ಇದನ್ನು ಬಾಳಿನುದ್ದಕ್ಕೂ ಮಾಡಿದ್ದರು. ಯಾವ ವರ್ಷ ಕಿವಿ ಕೆಲಸ ಬಿಟ್ಟಿತು, ಯಾವ ವರ್ಷ ಕಣ್ಣು ಅದರ ಪಾಳಿಯನ್ನೂ ಸೇರಿಸಿ ಮಾಡತೊಡಗಿತು ಎಂಬುದು ಅವರಿಗೇ ತಿಳಿದಿರಲಿಲ್ಲ. ಎದುರಿಗಿದ್ದ ಮುಖವೆಲ್ಲ ದನಿಯಾಗಿ ಕೇಳಿಸುತ್ತಿತ್ತು. ಬದನೆಗಿಡಕ್ಕೆ ತುಟಿ ಇರಲಿಲ್ಲ. ಹಿಂದಿಗೆ ತುಟಿ ಇದ್ದರೂ ಅದು ಅವರಿಗೆ ಬಾರದ ತುಟಿ.

"ನಿನಗೆ ಗೊತ್ತಿತ್ತು" ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

"ಅರೆಬರೆ ಗೊತ್ತಿತ್ತು. ಹಿಂದಿನಿಂದ ಕರೆದರೆ ತಿರುಗ್ತಾ ಇರಲಿಲ್ಲ ನೀವು. ಕಿವಿ ಹೋದ ಮೇಸ್ತ್ರಿಗೆ ಮಿಲ್ಲಿನವರು ಗೇಟ್ ತೋರಿಸ್ತಾರೆ ಅಂತ ನಾನೂ ಬಾಯಿ ಮುಚ್ಕೊಂಡೆ, ಎದುರಿಗೆ ಬಂದೇ ಮಾತಾಡಿದೆ. ಅಪ್ಪುರ ಆಮೇಲಾಮೇಲೆ ಅದೇ ಪಳಗಿ ಹೋಯ್ತು."

"ಹುಡುಗಿ ಚೌಡಮ್ಮನಾಣೆ ಹಾಕಿದಾಗಲಾದರೂ ಹೇಳಬಾರದಾಗಿತ್ತಾ?"

"ಹೇಳಿದ್ದರೆ ಕೇಳೋರಾ ನೀವು? ವೈರಲ್ಲೇ ಸರಿಹೋಗುತ್ತೆ ಅಂದ್ಕೊಂಡೆ. ಮನೆ ಬಿಡಿ ಅಂತ ಅನ್ನೋ ತನಕ ಹೋಗ್ತೀರಿ ಅಂತ ನಾನೇನು ಕನಸು ಕಂಡಿದ್ದೆನಾ?"

ಲಿಂಗಸಾಮಿಗೆ ಇದರ ಮೇಲೂ ಸಂದೇಹ ಹುಟ್ಟಿತು. ಹುಟ್ಟುಗುಣ. ನನ್ನ ಹಿಂದೆ ನಿಂತು ಏನಾದರೂ ಹೇಳು, ನೋಡೋಣ ಎಂದರು. ಪೆರಿಯನಾಯಕಿ ಬೆಂಚಿನ ಹಿಂದೆ ಹೋದರು. ಲಿಂಗಸಾಮಿ ಗೋಡೆ ನೋಡುತ್ತ ಕಾದರು, ಕಾದು ಕಾದು ಬೇಸತ್ತು, ಹೇಳಬಾರದಾ ಎಂದು ತಿರುಗಿದರು.

"ಹೇಳಿ ಆಯ್ತು" ಎಂದರು ಪೆರಿಯನಾಯಕಿ.

ಮಗ ಸೊಸೆ ಬಂದಾಗ ಲಿಂಗಸಾಮಿ ಮುಖ ತಪ್ಪಿಸಿ ಮಲಗಲು ಹೋದರು. ನಾನು ತಪ್ಪು ಮಾಡಿದೆ ಎನ್ನುವುದಕ್ಕಿಂತ ನನಗೆ ಕಿವಿ ಕೇಳುವುದಿಲ್ಲ ಎನ್ನುವುದು ನಾಲಿಗೆಗೆ ಭಾರವಾಗಿತ್ತು. ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಬಹುದೇ ಎಂದು ಯೋಚಿಸಿದರು. ಇರಿ, ಹೋಗಬೇಡಿ ಎಂದರೆ ಸಾಲದೇ? ಆದರೆ ಹೇಗಾದರೂ ಹೇಳಿದರೆ ಅವಳು ಕೇಳುವುದು ಒಂದೇ: ಹಾಗಾದರೆ ನಾನು ಸುಳ್ಳಿಯಲ್ಲವಾ? ಗುಂಡಿ ಯಾರು ತಿರುಗಿಸಿದರು?

ಬೆಳಗಾಯಿತು. ನಟರಾಜನ್ ಟೆಂಪೋ ಕರೆತರಲು ಹೋಗಿದ್ದ. ಪಂಕಜಂ ಗೋಡೆಯ ಕಡೆ ಮುಖ ಮಾಡಿ ಕೂತು ಹಿತ್ತಾಳೆ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಲಿಂಗಸಾಮಿ ಹೋಗಿ ಅವಳ ಹಿಂದೆ ನಿಂತರು. ಮಾವನ ನೆರಳು ಗಂಟಿನ ಮೇಲೆ ಬಿದ್ದದ್ದನ್ನು ಅವಳು ಕಂಡಳು. ತಿರುಗಲಿಲ್ಲ.

ಅವಳು ಏನೋ ಹೇಳುತ್ತಿದ್ದಾಳೆಂದು ಲಿಂಗಸಾಮಿಗೆ ಗೊತ್ತಾಯಿತು. ಭುಜ ಅಲ್ಲಾಡುತ್ತಿತ್ತು, ಕತ್ತಿನ ನರ ಏರಿ ಇಳಿಯಿತು. ಉದ್ದವಾದ ಮಾತು. ನಡುವೆ ಒಂದು ಸಲ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೇಳಿದಳು. ಇಂಥ ಮಾತುಗಳಿಗೆ ಅವರು ಇಷ್ಟು ದಿನ ಉಂ ಎಂದು ಹೇಳುತ್ತ ಬಂದಿದ್ದರು. ಯಾವ ಯಾವ ಮಾತಿಗೆ ಉಂ ಎಂದಿದ್ದಾರೋ ಆ ಚೌಡಮ್ಮನಿಗೇ ಗೊತ್ತು. ಈಗಲೂ ಉಂ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಈ ಕಡೆ ತಿರುಗಿ ಹೇಳಮ್ಮ" ಎಂದರು. "ನನಗೆ ಕಿವಿ ಕೇಳಲ್ಲ."

ಪಂಕಜಂನ ಕೈ ಗಂಟಿನ ಮೇಲೆ ನಿಂತಿತು. ಅವಳು ನಿಧಾನವಾಗಿ ತಿರುಗಿದಳು. ಇದು ಹೊಸ ಬಲೆಯೋ ಏನೋ ಎಂದು ಅವರ ಮುಖವನ್ನೆಲ್ಲ ಹುಡುಕಿದಳು. ಅಂಥ ನೋಟ ಲಿಂಗಸಾಮಿಗೆ ಚೆನ್ನಾಗಿ ಪರಿಚಯವಿತ್ತು, ಆದರೆ ಅದರ ಈ ಕಡೆ ನಿಂತು ಅಭ್ಯಾಸವಿರಲಿಲ್ಲ.

"ಯಾವಾಗಿಂದ ಮಾಮಾ?"

"ಗೊತ್ತಿಲ್ಲ. ನೆನ್ನೆ ಗೊತ್ತಾಯ್ತು. ಗುಂಡಿ ನೀನು ತಿರುಗಿಸಿಲ್ಲ. ಯಾರೂ ತಿರುಗಿಸಿಲ್ಲ. ಟಿವಿ ಚೆನ್ನಾಗಿದೆ." ಇನ್ನೇನಾದರೂ ಹೇಳಬೇಕೆನ್ನಿಸಿತು. "ದಂಡಪಾಣಿಯೂ ಒಳ್ಳೆಯವನೇ" ಎಂದರು. ಆಮೇಲೆ ಸೊಸೆಯ ಕಾಲಿನ ಹತ್ತಿರದ ನೆಲವನ್ನು ನೋಡುತ್ತ ಹೇಳಿದರು: "ನೀನು ಸುಳ್ಳಿಯಲ್ಲ. ನಾನು ಹಾಗೆ ಅಂದಿದ್ದು ತಪ್ಪು. ಹೋಗಬೇಡಿ."

ಅವಳು ಏನಾದರೂ ಅಂದಿದ್ದರೆ ನೆಲ ನೋಡುತ್ತಿದ್ದವರಿಗೆ ಅದು ತಪ್ಪಿಹೋಗುತ್ತಿತ್ತು. ಅದು ಹೊಳೆದು ತಲೆಯೆತ್ತಿದರು. ಅವಳು ಕಾಯುತ್ತಿದ್ದಳು, ಅವರು ನೋಡಲಿ ಎಂದು.

"ಈಗ ಹೇಳು. ಮೊದಲೇನು ಹೇಳಿದೆ?"

ಪಂಕಜಂ ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಬೆಳಗ್ಗೆ ತಿಂಡಿ ಏನು ಮಾಡಲಿ ಅಂತ ಕೇಳಿದೆ."

ಲಿಂಗಸಾಮಿ ಅವಳ ತುಟಿ ನೋಡಿದರು, ಕಣ್ಣು ನೋಡಿದರು. ತಿಂಡಿಯ ಮಾತಿಗೆ ಯಾರೂ ನಡುವೆ ನಿಂತು ಉಸಿರು ತೆಗೆದುಕೊಳ್ಳುವುದಿಲ್ಲ. ತಿಂಡಿಯ ಮಾತಿಗೆ ಕತ್ತಿನ ನರ ಹಾಗೆ ಉಬ್ಬುವುದಿಲ್ಲ.

"ಇಷ್ಟೇನಾ ಹೇಳಿದ್ದು?"

"ಇಷ್ಟೇ ಮಾಮಾ."

"ಉಪ್ಪಿಟ್ಟು ಮಾಡು" ಎಂದರು.

ಅವಳು ಗಂಟು ಬಿಚ್ಚಿ ಒಂದು ಬಾಣಲೆ ಹೊರಗೆ ತೆಗೆದಳು. ತೆಗೆದವಳು ತಲೆಯೆತ್ತಿ ಬೀದಿಯ ಕಡೆ ಕಿವಿಗೊಟ್ಟು, ಎದ್ದು, ಅವರ ಎದುರಿಗೆ ಬಂದು ನಿಂತಳು. ಟೆಂಪೋ ಬಂದಿದೆ, ಆಗಿನಿಂದ ಹಾರ್ನ್ ಹೊಡೆಯುತ್ತಿದ್ದಾನೆ, ವಾಪಸು ಕಳಿಸಿ ಬನ್ನಿ ಎಂದಳು.

ಲಿಂಗಸಾಮಿಗೆ ಯಾವ ಹಾರ್ನೂ ಕೇಳಿಸಿರಲಿಲ್ಲ. ಅವಳು ಹೇಳಿದ್ದನ್ನೇ ನಂಬಿಕೊಂಡು ಬಾಗಿಲಿಗೆ ಹೋದರು.